ಪೇಂಟ್ ಡಬ್ಬಿ ಆಮೇಲೆ ತೆಗೀರಿ

ನಮಸ್ಕಾರ. ಇವತ್ತು ಸ್ವಲ್ಪ ಜಗಳ ಆಡುವ ಮನಸ್ಸಿದೆ, ಬೇಜಾರು ಮಾಡ್ಕೋಬೇಡಿ.

ಬಿಡಿಭಾಗ ಅಂಟಿಸಿ ಮಾಡೆಲ್ ಮಾಡುವ ಪ್ಲಾಸ್ಟಿಕ್ ವಿಮಾನದ ಕಿಟ್ ಕೊಂಡವರು ನನ್ನನ್ನು ಕೇಳುವುದು ಯಾವಾಗಲೂ ಒಂದೇ: ಯಾವ ಪೇಂಟ್ ಒಳ್ಳೇದು, ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಶ್ ಬೇಕೇ ಬೇಕಾ? ನೀರು ಮುಟ್ಟಿಸಿ ಉಜ್ಜುವ ವಾಟರ್ ಪೇಪರ್ ಯಾವ ನಂಬರಿನದು ತರಲಿ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ಮಾಡೆಲ್ ಕೆಡುವುದು ಅಲ್ಲೇ. ಪೇಂಟ್ ಏನನ್ನೂ ಮುಚ್ಚುವುದಿಲ್ಲ ಸ್ವಾಮಿ, ಎತ್ತಿ ಆಡುತ್ತದೆ.

ನನ್ನದೇ ಕಥೆ ಕೇಳಿ. 1963ರಲ್ಲಿ ನಮ್ಮ ವಾಯುಪಡೆಗೆ ಬಂದ ಮಿಗ್-21, 2025ರ ಸೆಪ್ಟೆಂಬರ್‌ನಲ್ಲಿ ಚಂಡೀಗಢದಲ್ಲಿ ನಿವೃತ್ತಿಯಾಯಿತಲ್ಲ, ಆ ಸುದ್ದಿ ನೋಡಿ ಮನಸ್ಸು ತಡೆಯದೆ, ವರ್ಷಗಳಿಂದ ಅಟ್ಟದ ಮೇಲಿದ್ದ 1/72 ಅಳತೆಯ ಕಿಟ್ ಇಳಿಸಿಕೊಂಡು ಕೂತೆ. 1/72 ಅಂದರೆ ಆರಡಿ ಮನುಷ್ಯ ಒಂದು ಇಂಚು. ಇಡೀ ಮಿಗ್ ಹೆಚ್ಚುಕಮ್ಮಿ ಒಂದು ಗೇಣು. ಶುರುವಿನ ದಿನಗಳ ಮಿಗ್‌ಗಳ ಹಾಗೆ ಬೆಳ್ಳಿ ಬಣ್ಣದ್ದೇ ಆಗಬೇಕು ಅಂತ ಹಠ ಬೇರೆ. ಎರಡು ದಿನದಲ್ಲಿ ಅಂಟಿಸಿ, ಮೂರನೇ ದಿನ ಸಿಲ್ವರ್ ಹೊಡೆದೆ. ಒಣಗಿದ ಮೇಲೆ ನೋಡಿದರೆ ಬೆನ್ನ ಮೇಲೆ ಎರಡು ಅರ್ಧ ಸೇರಿದ ಕಡೆ ಬಾಲದವರೆಗೆ ನೆಟ್ಟಗೆ ಒಂದು ಗೆರೆ, ಎಣ್ಣೆ ಹಚ್ಚಿ ಬೈತಲೆ ತೆಗೆದ ಹಾಗೆ! ರೆಕ್ಕೆ ಮೇಲೆ ನನ್ನ ಹೆಬ್ಬೆರಳಿನ ಗುರುತು. ಬರೀ ಪ್ಲಾಸ್ಟಿಕ್ ಇದ್ದಾಗ ಇದ್ಯಾವುದೂ ಕಂಡಿರಲಿಲ್ಲ.

ಈ ಕಿಟ್‌ಗಳು ಪಾಲಿಸ್ಟೈರೀನ್‌ನವು. ಇದಕ್ಕೆ ಹಾಕುವ ಅಂಟಿಗೆ ಸಿಮೆಂಟ್ ಅಂತಾರೆ; ಅದು ಗೋಂದಿನ ಹಾಗೆ ಮಧ್ಯೆ ಕೂತು ಅಂಟಿಸುವುದಿಲ್ಲ, ಎರಡೂ ಕಡೆಯ ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುತ್ತದೆ. ಒತ್ತಿ ಹಿಡಿದಾಗ ದಾರದಷ್ಟು ಸಣ್ಣಗೆ ಕರಗಿದ ಪ್ಲಾಸ್ಟಿಕ್ ಉಬ್ಬಿ ಬಂದರೆ ಗಾಬರಿಯಾಗಿ ಒರೆಸಬೇಡಿ. ಅದೇ ನಿಮ್ಮ ಪುಟ್ಟಿ. ಪೂರ್ತಿ ಒಂದು ದಿನ ಬಿಡಿ, ಆಮೇಲೆ 400, 600, 1000 ನಂಬರಿನ ವಾಟರ್ ಪೇಪರ್‌ನಲ್ಲಿ ಒಂದಾದ ಮೇಲೊಂದರಂತೆ ನೀರು ಮುಟ್ಟಿಸಿಕೊಂಡು ಉಜ್ಜಿ. ಉಜ್ಜಿದ ಮೇಲೆ ಗೆರೆಗೆ ಅಡ್ಡವಾಗಿ ಉಗುರು ಎಳೆದು ನೋಡಿ, ತಡೆಯಬಾರದು. ಕಣ್ಣು ಸುಳ್ಳು ಹೇಳುತ್ತದೆ, ಉಗುರು ಹೇಳಲ್ಲ. ಕಾರಿಗೆ ಪೇಂಟ್ ಹೊಡೆಯುವ ಗ್ಯಾರೇಜಿನ ಹುಡುಗರನ್ನು ನೋಡಿದ್ದೀರಲ್ವಾ? ಉಜ್ಜುತ್ತಾರೆ, ಉಜ್ಜುತ್ತಲೇ ಇರುತ್ತಾರೆ.

ಎಲ್ಲಾ ಜೋಡಿಸಿ ಆಮೇಲೇ ಬಣ್ಣ ಹಚ್ಚಬೇಕು ಅನ್ನುವವರೂ ಇದ್ದಾರೆ. ಅದನ್ನು ಪೂರ್ತಿ ಒಪ್ಪಲ್ಲ. ಕಾಕ್‌ಪಿಟ್ಟಿಗೆ ಮೊದಲೇ ಹಚ್ಚದಿದ್ದರೆ ಎರಡು ಅರ್ಧ ಮುಚ್ಚಿದ ಮೇಲೆ ಬ್ರಶ್ ಎಲ್ಲಿಂದ ತೂರಿಸುತ್ತೀರಿ? ಮಿಗ್ ಮೂತಿಯಲ್ಲಿರುವ ಆ ಕೋನ್ ಒಳಗೆ ಭಾರಕ್ಕೆ ಸೀಸದ ತುಂಡು ತುಂಬುವುದೂ ಆವಾಗಲೇ. ಮರೆತರೆ ಮುಂದಿನ ಚಕ್ರ ಎತ್ತಿಕೊಂಡು ಬಾಲದ ಮೇಲೆ ಕೂರುತ್ತದೆ. ಇನ್ನು ಕ್ಯಾನೊಪಿ, ಅಂದರೆ ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳದ ಹತ್ತಿರ ಸೂಪರ್ ಗ್ಲೂ ತರಲೇಬೇಡಿ, ಅದರ ಆವಿಗೇ ಮಂಜು ಹಿಡಿದ ಹಾಗೆ ಬೆಳ್ಳಗಾಗಿಬಿಡುತ್ತದೆ.

ಏರ್‌ಬ್ರಶ್ ವಿಷಯ. ಇದ್ದರೆ ಒಳ್ಳೇದು, ಇಲ್ಲದಿದ್ದರೆ ಕೊರಗಬೇಡಿ. ಪೇಂಟನ್ನು ತೆಳು ಮಾಡಿ, ಒಂದು ಪದರ ಒಣಗಿದ ಮೇಲೆ ಇನ್ನೊಂದು ಅಂತ ಬ್ರಶ್ಶಲ್ಲೇ ಎರಡು ಮೂರು ಸಲ ಹಚ್ಚಿ. ಒಂದೇ ಸಲ ದಪ್ಪಗೆ ಬಳಿದರೆ ವಿಮಾನದ ತಗಡುಗಳು ಸೇರುವ ಸಂದು ತೋರಿಸಲು ಗೀರಿದ ಹಾಗಿರುವ ಪ್ಯಾನೆಲ್ ಗೆರೆಗಳೆಲ್ಲ ತುಂಬಿಹೋಗುತ್ತವೆ. ಸ್ಪ್ರೇ ಕ್ಯಾನ್ ಇಟ್ಟುಕೊಂಡವರು ಜಡಿಮಳೆಯ ದಿನ ಸುಮ್ನೆ ಟೀ ಕುಡಿಯಿರಿ, ತೇವಕ್ಕೆ ಕ್ಯಾನ್‌ನ ಲ್ಯಾಕರ್ ಬಣ್ಣದ ಮೇಲೆ ಬಿಳಿ ಮಬ್ಬು ಕೂರುತ್ತದೆ.

ನನ್ನ ಬೆಳ್ಳಿ ಮಿಗ್ ಏನಾಯಿತು ಅಂತೀರಾ? ಬೆನ್ನನ್ನು ಮತ್ತೆ ಉಜ್ಜಿ, ಬೂದು ಪ್ರೈಮರ್ ಹೊಡೆದು, ಇನ್ನೊಮ್ಮೆ ಸಿಲ್ವರ್ ಕೊಟ್ಟೆ. ಹೊಟ್ಟೆ ಕಡೆ ಉಜ್ಜುವಷ್ಟು ತಾಳ್ಮೆ ಉಳಿದಿರಲಿಲ್ಲ. ಈಗ ಶೋಕೇಸಲ್ಲಿದೆ. ಮನೆಗೆ ಬಂದವರು ಎಷ್ಟು ಬೇಕಾದರೂ ನೋಡಬಹುದು, ಎತ್ತಿ ತಿರುಗಿಸುವ ಹಾಗಿಲ್ಲ.