ಜನರೇಟರ್ ಕೊಳ್ಳುವ ಮೊದಲು ಚೇಂಜ್‌ಓವರ್ ಸ್ವಿಚ್

ಕೇಳುಗರಿಗೆ ನಮಸ್ಕಾರ. ಜನರೇಟರ್ ಕೊಳ್ಳುವವರು ಎಷ್ಟು ಕಿಲೋವ್ಯಾಟ್, ಎಷ್ಟು ಡೀಸೆಲ್ ಕುಡಿಯುತ್ತದೆ, ಎಷ್ಟು ಸದ್ದು ಎಂದೆಲ್ಲ ವಿಚಾರಿಸುತ್ತಾರೆ. ಮನೆಯ ವೈರಿಂಗಿಗೆ ಜೋಡಿಸುವುದು ಹೇಗೆಂದು ಮಾತ್ರ ಕೇಳುವುದಿಲ್ಲ. ನಾನು ಹೇಳಬೇಕಾದದ್ದು ಒಂದೇ: ಹೊರಗಿನ ಕರೆಂಟೂ ಜನರೇಟರಿನ ಕರೆಂಟೂ ಮನೆಯೊಳಗೆ ಎಂದೂ ಕೂಡಬಾರದು. ಚೇಂಜ್‌ಓವರ್ ಸ್ವಿಚ್ ಇರುವುದೇ ಅದಕ್ಕೆ.

ಒಮ್ಮೆ ಒಂದು ಮನೆಯ ವೈರಿಂಗ್ ಪರೀಕ್ಷಿಸಲು ಹೋಗಿದ್ದೆ. ಹಿತ್ತಿಲಿನ ಜನರೇಟರಿನಿಂದ ಹೊರಟ ವೈರು ಕಿಟಕಿಯಿಂದ ಒಳಬಂದು ಗೋಡೆಯ ಸಾಕೆಟ್ಟಿಗೆ ಸೇರಿತ್ತು. ಎರಡೂ ತುದಿಗೆ ಪಿನ್ನಿರುವ ಪ್ಲಗ್! "ಚೇಂಜ್‌ಓವರ್ ಎಲ್ಲಿ?" ಎಂದೆ. "ಮೊದಲು ಮೈನ್ ಸ್ವಿಚ್ ಆಫ್ ಮಾಡುತ್ತೇವೆ ಸರ್, ಮರೆಯುವುದಿಲ್ಲ" ಎಂದರು ಯಜಮಾನರು. ಯಾರು ಮಾಡುತ್ತೀರಿ ಎಂದರೆ ಅವರು ಮಗನ ಕಡೆ ನೋಡಿದರು, ಮಗ ತಾಯಿಯ ಕಡೆ ನೋಡಿದ. ಮರೆತ ದಿನ ಏನಾಗುತ್ತದೆಂದು ವಿವರಿಸಿದೆ. ಮನೆಯ 230 ವೋಲ್ಟು ಬೀದಿಯ ಟ್ರಾನ್ಸ್‌ಫಾರ್ಮರಿಗೆ ಹಿಮ್ಮುಖವಾಗಿ ಹರಿಯುತ್ತದೆ. 11,000 ವೋಲ್ಟನ್ನು ಇಳಿಸಿ ಕೊಡುವ ಅದೇ ಟ್ರಾನ್ಸ್‌ಫಾರ್ಮರ್ ಇದನ್ನು ಏರಿಸಿ ಮೇಲಿನ ತಂತಿಗೆ ಕಳಿಸುತ್ತದೆ. ಕರೆಂಟಿಲ್ಲವೆಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಕೈ ಆ ತಂತಿಯ ಮೇಲಿರುತ್ತದೆ. ಇಷ್ಟು ಹೇಳಿ, ಆ ಪ್ಲಗ್ಗನ್ನು ಅವರೆದುರಿಗೇ ಕತ್ತರಿಸಿ ಹಾಕಿದೆ. ಅವರಿಗೆ ಕೋಪ ಬಂತು. ಬರಲಿ.

ಈಗ ಬಗೆಗಳ ವಿಚಾರ, ಚುಟುಕಾಗಿ. ಮನೆಗೆ ಕೈಯಿಂದ ತಿರುಗಿಸುವ ಸ್ವಿಚ್ ಸಾಕು. ಹಿಡಿಕೆ ಒಂದೇ: ಒಂದು ಬದಿಗೆ ಹೊರಗಿನ ಕರೆಂಟು, ಇನ್ನೊಂದು ಬದಿಗೆ ಜನರೇಟರ್, ನಡುವೆ ಎರಡೂ ಇಲ್ಲ. ಮರೆತರೂ ಎರಡು ಕೂಡಲಾರವು. ಸ್ವಯಂಚಾಲಿತ ಸ್ವಿಚ್ ಕರೆಂಟು ಹೋದದ್ದನ್ನು ತಾನೇ ಗುರುತಿಸಿ, ಜನರೇಟರ್ ಚಾಲೂ ಮಾಡಿಸಿ, ವೋಲ್ಟೇಜ್ ಸ್ಥಿರವಾದ ಮೇಲೆ ಹೊರೆಯನ್ನು, ಅಂದರೆ ಕರೆಂಟು ಎಳೆಯುವ ಉಪಕರಣಗಳನ್ನು, ಅದಕ್ಕೆ ವರ್ಗಾಯಿಸುತ್ತದೆ. ಯಾರೂ ಇಲ್ಲದ ಹೊತ್ತಿನಲ್ಲೂ ಕೆಲಸ ನಡೆಯಬೇಕಾದ ಕಡೆ ಇದು ಬೇಕು. ಆದರೆ ನಡುವೆ ಕೆಲವು ಸೆಕೆಂಡು ಕತ್ತಲು ಇದ್ದೇ ಇರುತ್ತದೆ. ಕಂಪ್ಯೂಟರಿಗೆ ಯುಪಿಎಸ್ ಬೇಕೇ ಬೇಕು. ಮೂರನೆಯದು ಥೈರಿಸ್ಟರ್ ಎಂಬ ಎಲೆಕ್ಟ್ರಾನಿಕ್ ಬಿಡಿಭಾಗದಿಂದ ಕೆಲಸ ಮಾಡುವ ಸ್ಟ್ಯಾಟಿಕ್ ಸ್ವಿಚ್. ಕೆಲವೇ ಮಿಲಿಸೆಕೆಂಡಿನಲ್ಲಿ ಬದಲಾಯಿಸುತ್ತದೆ, ಆದರೆ ಎರಡೂ ಮೂಲಗಳು ಮೊದಲೇ ಜೀವಂತವಾಗಿರಬೇಕು. ಅದು ಡೇಟಾ ಕೇಂದ್ರಗಳಿಗಿರಲಿ, ನಿಮಗೆ ಬೇಡ.

ಸ್ವಿಚ್ಚಿನ ಆಂಪಿಯರ್ ನಿಮ್ಮ ಪೂರ್ತಿ ಹೊರೆಯನ್ನು ತಾಳುವಂತಿರಲಿ. ಜೋಡಣೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ ಕೈಯಿಂದಲೇ ಮಾಡಿಸಿ, ನ್ಯೂಟ್ರಲ್ ತಂತಿಯನ್ನೂ (ಕರೆಂಟು ಹಿಂತಿರುಗುವ ತಂತಿ) ಸ್ವಿಚ್ಚಿನಿಂದ ಬದಲಾಯಿಸಬೇಕೇ ಎಂದು ಅವರನ್ನು ಕೇಳಿ. ನಮಸ್ಕಾರ.