ಬಿಟ್ಟ ಮೇಲಿನ ದಿನಗಳು

ಕೇಳುಗರಿಗೆ ನಮಸ್ಕಾರ.

ಇವತ್ತು ಒಂದು ಹಳೆಯ ಜರ್ಮನ್ ಸಿನಿಮಾದಿಂದ ಮಾತು ಶುರು ಮಾಡುತ್ತೇನೆ. 'ಕ್ರಿಸ್ಟಿಯಾನೆ ಎಫ್.' ಅಂತ ಅದರ ಹೆಸರು. ಬಂದದ್ದು 1981ರಲ್ಲಿ, ನಿರ್ದೇಶಕ ಉಲಿ ಎಡೆಲ್. ಬರ್ಲಿನ್ ನಗರದ ಒಬ್ಬ ಹುಡುಗಿಯ ನಿಜ ಕಥೆ. ಇನ್ನೂ 14 ತುಂಬುವ ಹೊತ್ತಿಗೇ ಹೆರಾಯಿನ್ ಚಟಕ್ಕೆ ಬಿದ್ದವಳು ಅವಳು.

ಅದರಲ್ಲಿ ಒಂದು ಕೋಣೆ ಇದೆ. ಅವಳೂ ಅವಳ ಗೆಳೆಯನೂ ಆ ಕೋಣೆ ಸೇರಿ, ಹೇಗಾದರೂ ಬಿಟ್ಟೇ ಬಿಡೋಣ ಅಂತ ಹಟ ಹಿಡಿಯುತ್ತಾರೆ. ನಡುಕ, ಬೆವರು, ವಾಂತಿ, ಹಾಸಿಗೆ ಮೇಲೆ ಹೊರಳಾಟ. ನೋಡಲಾಗುವುದಿಲ್ಲ. ಆದರೂ ಗೆಲ್ಲುತ್ತಾರೆ. ಸದ್ಯ, ಮುಗಿಯಿತು ಅಂತ ನಾವು ಉಸಿರು ಬಿಡುತ್ತೇವೆ. ಅಷ್ಟರಲ್ಲಿ ಇಬ್ಬರೂ ಮತ್ತೆ ಅದೇ ರೈಲು ನಿಲ್ದಾಣಕ್ಕೆ ಹೋಗಿ, ಅದೇ ಗೆಳೆಯರ ನಡುವೆ ನಿಂತಿರುತ್ತಾರೆ. ಮತ್ತೆ ಸೂಜಿ. ನನ್ನ ಕಣ್ಣು ತುಂಬಿದ್ದು ಅಲ್ಲಿ.

ಕೆಲವು ದಿನ ಬಿಟ್ಟವರು ಮೊದಲಿನಷ್ಟೇ ಹೆರಾಯಿನ್ ತೆಗೆದುಕೊಂಡರೆ ಜೀವಕ್ಕೇ ಅಪಾಯ. ಆ ಪ್ರಮಾಣ ತಡೆಯುವ ಶಕ್ತಿ ಅಷ್ಟರಲ್ಲಿ ದೇಹದಲ್ಲಿ ಇಳಿದುಹೋಗಿರುತ್ತದೆ. ಮನೆಯವರು ಮಾತ್ರ 'ಈಗ ಸರಿಹೋದ' ಅಂತ ನೆಮ್ಮದಿಯಾಗಿ ಮಲಗಿರುತ್ತಾರೆ.

ಕೊನೆಗೆ ಆ ಹುಡುಗಿಯನ್ನು ದೂರದ ಹಳ್ಳಿಗೆ, ಅಜ್ಜಿಯ ಮನೆಗೆ ಕಳಿಸುತ್ತಾರೆ. ನಾವೂ ಹಾಗೇ ಮಾಡ್ತೀವಿ, ಅಲ್ವಾ?

ತೀರ್ಥಹಳ್ಳಿ ಕಡೆ ನಮ್ಮ ನೆಂಟರ ಮನೆಯ ಮಾತು. ಮೊಮ್ಮಗ ಶಿವಮೊಗ್ಗದಲ್ಲಿ ಪಿಯುಸಿ ಓದುತ್ತಿದ್ದ. ಗಾಂಜಾ ಹತ್ತಿಸಿಕೊಂಡ. ಗೊತ್ತಾದ ದಿನವೇ ಅಪ್ಪ ಫೋನ್ ಕಿತ್ತುಕೊಂಡು ಊರಿಗೆ ತಂದು ಬಿಟ್ಟರು. ಊರು ಅಂದರೆ ಭಯವಿಲ್ಲ ಅಂತ ಅವರ ಲೆಕ್ಕ. ಜೋಳದ ಹೊಲದ ನಡುವೆ ಗಾಂಜಾ ಗಿಡ ಸಿಕ್ಕ ಸುದ್ದಿ ನಮ್ಮ ಜಿಲ್ಲೆಯ ಪೇಪರಿನಲ್ಲೇ ಬರುತ್ತದೆ, ಅದು ಅವರಿಗೆ ನೆನಪಾಗಲಿಲ್ಲ.

ಅಡಿಕೆ ಸುಲಿಯುವ ಕಾಲ. ಹುಡುಗನಿಗೆ ನಿದ್ದೆಯಿಲ್ಲ, ಊಟ ಸೇರದು, ಮಾತಿಗೆ ಮೊದಲೇ ಸಿಟ್ಟು. ಅಜ್ಜಿ ಏನೂ ಕೇಳಲಿಲ್ಲ. ರಾತ್ರಿ ಮೆಟ್ಟುಗತ್ತಿಯ ಮುಂದೆ ಕೂತಾಗ ಅವನನ್ನೂ ಪಕ್ಕಕ್ಕೆ ಕರೆದರು. ಸುಲಿದ ಅಡಿಕೆ ಬುಟ್ಟಿಗೆ ತುಂಬುವುದು ಅವನ ಕೆಲಸ. ಮೂರು ರಾತ್ರಿ ಬಾಯಿ ಬಿಡಲಿಲ್ಲ. ನಾಲ್ಕನೇ ರಾತ್ರಿ, "ಅಜ್ಜಿ, ನಂಗೆ ನಿದ್ದೆನೇ ಬರಲ್ಲ, ಹೆದರಿಕೆ ಆಗುತ್ತೆ" ಅಂದ. "ಬೆಳಗಾಗೋವರೆಗೂ ನಾನು ಇಲ್ಲೇ ಕೂತಿರ್ತೀನಿ ಮಗಾ" ಅಂದರಂತೆ ಅಜ್ಜಿ. ವಾರ ಕಳೆದ ಮೇಲೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ ಅಂತ ಹಟ ಹಿಡಿದವರೂ ಅವರೇ.

ಅಪ್ಪನಿಗೆ ಒಂದೇ ಹೆದರಿಕೆ: ಡಾಕ್ಟರ ಹತ್ತಿರ ಹೋದರೆ ಪೊಲೀಸ್ ಕೇಸ್ ಆಗಿಬಿಟ್ಟರೆ? ಇದೇ ಹೆದರಿಕೆಯಿಂದ ಎಷ್ಟೋ ಮನೆಗಳು ಬಾಯಿ ಮುಚ್ಚಿಕೊಂಡಿವೆ. ಚಿಕಿತ್ಸೆ ಕೇಳುವುದು ಅಪರಾಧ ಅಲ್ಲ. 1985ರ ಮಾದಕ ವಸ್ತು ಕಾಯ್ದೆಯಲ್ಲಿ 64ಎ ಅಂತ ಒಂದು ಕಲಂ ಇದೆ. ಸೇವನೆಯ ಕೇಸಿನಲ್ಲಿ ಸಿಕ್ಕ ವ್ಯಸನಿಯೂ ತಾನಾಗಿ ಮುಂದೆ ಬಂದು, ಮಾನ್ಯತೆ ಇರುವ ಕೇಂದ್ರದಲ್ಲಿ ಪೂರ್ತಿ ಚಿಕಿತ್ಸೆ ಪಡೆದರೆ, ವಿಚಾರಣೆಯಿಂದ ರಕ್ಷಣೆ ಕೊಡುವ ಕಲಂ ಅದು. ಯಾರನ್ನು ಕೇಳಬೇಕು ಅಂತ ತಿಳಿಯದವರು ಚಟ ಬಿಡಿಸಲು ನೆರವಾಗುವ ಸರ್ಕಾರಿ ಸಹಾಯವಾಣಿಯ ಈ ನಂಬರ್ ಬರೆದುಕೊಳ್ಳಿ: 14446. ಇನ್ನೊಮ್ಮೆ ಹೇಳುತ್ತೇನೆ, ಒಂದು, ನಾಲ್ಕು, ನಾಲ್ಕು, ನಾಲ್ಕು, ಆರು. ದುಡ್ಡು ಖರ್ಚಾಗುವುದಿಲ್ಲ.

ಆ ಹುಡುಗ ಈಗ ಮತ್ತೆ ಕಾಲೇಜಿಗೆ ಹೋಗುತ್ತಿದ್ದಾನೆ. ನಡುವೆ ಒಂದು ಸಲ ಜಾರಿದ. ಅಪ್ಪನಿಗೆ ಹೇಳಲು ಧೈರ್ಯ ಬರಲಿಲ್ಲ. ರಾತ್ರಿ ಹನ್ನೊಂದಕ್ಕೆ ಅಜ್ಜಿಗೆ ಫೋನ್ ಮಾಡಿದ. ಮರುದಿನ ಬೆಳಗಿನ ಮೊದಲ ಬಸ್ಸಿಗೆ ಅಜ್ಜಿ ಶಿವಮೊಗ್ಗಕ್ಕೆ ಹೊರಟರು.

ನಮಸ್ಕಾರ.