ಬಾಗಿಲಿಗೆ ತಕ್ಕ ಹಡಗು

ಎಲ್ಲರಿಗೂ ನಮಸ್ಕಾರ.

ಸಂಜೆ ಪಣಂಬೂರಿನ ಕಡಲತೀರಕ್ಕೆ ಹೋದವರಿಗೆಲ್ಲ ಗೊತ್ತು, ದೂರದಲ್ಲಿ ಹಡಗುಗಳು ಲಂಗರು ಹಾಕಿ ಸರದಿಗೆ ಕಾಯುತ್ತಿರುತ್ತವೆ. ಕಲ್ಲಿದ್ದಲು ತರುವ ದೊಡ್ಡ ಹಡಗುಗಳಲ್ಲಿ ಕೆಲವಕ್ಕೆ ಬಂದರಿನವರು 'ಪನಾಮ್ಯಾಕ್ಸ್' ಅನ್ನುತ್ತಾರೆ. ಇಂಡೊನೇಷ್ಯಾದಿಂದ ಮಂಗಳೂರಿಗೆ ಬರುವ ದಾರಿಯಲ್ಲಿ ಪನಾಮಾ ಎಲ್ಲಿ ಬಂತು? ಅದಿರುವುದು ಭೂಮಿಯ ಆಚೆ ಬದಿಯಲ್ಲಿ. ಆದರೂ ಎರಡು ಸಾಗರಗಳನ್ನು ಸೇರಿಸುವ ಪನಾಮಾ ಕಾಲುವೆಯ ಬಾಗಿಲಿನ, ಅಂದರೆ ಲಾಕ್‌ನ, ಅಳತೆ ಇಲ್ಲಿಯ ಹಡಗಿಗೆ ಹೆಸರಾಗಿದೆ: ಆ ಬಾಗಿಲಲ್ಲಿ ಹಿಡಿಯುವಷ್ಟು ದೊಡ್ಡ ಹಡಗು ಅಂತ. ಇವತ್ತು ನನ್ನ ಮಾತು ಆ ಬಾಗಿಲಿನ ಬಗ್ಗೆ.

ನಮ್ಮ ಕಡೆ ಮಳೆ ಮುಗಿದ ಮೇಲೆ ಕಿಂಡಿ ಅಣೆಕಟ್ಟಿಗೆ ಹಲಗೆ ಇಳಿಸುತ್ತಾರೆ. ಮೇಲಿನ ನೀರು ಏರುತ್ತದೆ, ಕೆಳಗಿನ ಉಪ್ಪುನೀರು ಒಳಗೆ ಬರುವುದಿಲ್ಲ. ಈಗ ಅಂಥ ಎರಡು ಅಣೆಕಟ್ಟು ಹತ್ತಿರ ಹತ್ತಿರ ಇವೆ, ನಡುವೆ ಒಂದು ದೋಣಿ ಇದೆ ಅಂದುಕೊಳ್ಳಿ. ಹಿಂದಿನದನ್ನು ಮುಚ್ಚಿ ಮೇಲಿನಿಂದ ನೀರು ಬಿಟ್ಟರೆ ದೋಣಿ ತಾನಾಗಿ ಏಳುತ್ತದೆ. ಮುಂದಿನದನ್ನು ತೆರೆದರೆ ಆಚೆ ಹೋಗುತ್ತದೆ. ಲಾಕ್ ಅಂದರೆ ಇಷ್ಟೇ. ಪನಾಮಾದಲ್ಲಿ ಹಡಗು ಹೀಗೆ ಮೂರು ಮೆಟ್ಟಿಲು ಹತ್ತಿ, ಸಮುದ್ರಕ್ಕಿಂತ ಸುಮಾರು 26 ಮೀಟರ್ ಎತ್ತರದ ಗಾಟುನ್ ಸರೋವರ ಸೇರುತ್ತದೆ. ಅದನ್ನು ದಾಟಿ ಆಚೆ ಬದಿಯಲ್ಲಿ ಮತ್ತೆ ಇಳಿಯುತ್ತದೆ.

1914ರಲ್ಲಿ ತೆರೆದ ಹಳೆಯ ಲಾಕ್‌ಗಳ ಉದ್ದ 1,000 ಅಡಿ, ಅಗಲ 110 ಅಡಿ. ಒಳಗೆ ಹೋಗುವ ಹಡಗು ಸಾಮಾನ್ಯವಾಗಿ 106 ಅಡಿಗಿಂತ ಅಗಲ ಇರುವಂತಿಲ್ಲ. ಅಂದರೆ ಒಂದೊಂದು ಬದಿಗೆ ಎರಡೇ ಅಡಿ ಜಾಗ! ಗೋಡೆಯ ಮೇಲೆ ಹಳಿಯಲ್ಲಿ ಓಡುವ ಎಂಜಿನ್‌ಗಳು ಹಡಗನ್ನು ಎರಡೂ ಕಡೆಯಿಂದ ಹಗ್ಗ ಬಿಗಿದು ನಡುವೆ ಹಿಡಿಯುತ್ತವೆ. ಅಲ್ಲಿ ಅವಕ್ಕೆ ಹೇಸರಗತ್ತೆ ಅಂತಲೇ ಹೆಸರು.

ಈ 106 ಅಡಿ ಎಷ್ಟೋ ದಶಕ ಹಡಗು ಕಟ್ಟುವವರ ಕೈ ಕಟ್ಟಿತು. ಆ ಅಗಲಕ್ಕೆ ಕಂಟೇನರ್ 13 ಸಾಲು ಮಾತ್ರ ಹಿಡಿಯುತ್ತದೆ. ಜಾಸ್ತಿ ತುಂಬಬೇಕಾದರೆ ಉದ್ದ ಮಾಡಬೇಕು. ಉದ್ದಕ್ಕೂ 965 ಅಡಿಯ ಮಿತಿ ಇತ್ತು. ಹಾಗಾಗಿ ಹಡಗುಗಳು ಉದ್ದ ಕೋಲಿನ ಹಾಗೆ ಆದವು, ಹೊಯ್ದಾಡದಂತೆ ಅಡಿಯಲ್ಲಿ ಸುಮ್ನೆ ನೀರಿನ ಭಾರ ಹೊರಬೇಕಾಯಿತು. 1988ರಲ್ಲಿ ಅಮೆರಿಕನ್ ಪ್ರೆಸಿಡೆಂಟ್ ಲೈನ್ಸ್ ಅನ್ನುವ ಹಡಗು ಕಂಪನಿ ಆ ಕಾಲುವೆಯೇ ಬೇಡ ಅಂತ ಅದಕ್ಕಿಂತ ಅಗಲದ ಕಂಟೇನರ್ ಹಡಗುಗಳನ್ನು ಇಳಿಸಿತು. ಅದು ದೊಡ್ಡ ಧೈರ್ಯ ಅಂತ ನನಗೆ ಅನಿಸುತ್ತದೆ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ 1,000 ಅಡಿ ಉದ್ದದ ಅದಿರು ಹಡಗುಗಳಿವೆ. ಒಳಗಿನ ಸೂ ಲಾಕ್ ದಾಟಲು ಅವಕ್ಕೆ ಆಗುತ್ತದೆ. ಸಮುದ್ರದ ಕಡೆಗಿರುವ ವೆಲ್ಯಾಂಡ್ ಕಾಲುವೆಯ ಲಾಕ್‌ಗಳು ಅವಕ್ಕೆ ಸಾಲುವುದಿಲ್ಲ. ಅಷ್ಟು ದೊಡ್ಡ ಹಡಗುಗಳು, ಆದರೆ ಅವು ಸಮುದ್ರಕ್ಕೆ ಬರುವಂತೆಯೇ ಇಲ್ಲ.

ಇನ್ನು ಆಳ. ಹಡಗು ನೀರಿನಲ್ಲಿ ಎಷ್ಟು ಮುಳುಗಿದೆ ಅನ್ನುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಉಪ್ಪುನೀರು ಹೆಚ್ಚು ಎತ್ತಿ ಹಿಡಿಯುತ್ತದೆ, ಸಿಹಿನೀರು ಕಡಿಮೆ. ಸಮುದ್ರದಲ್ಲಿ 12 ಮೀಟರ್ ಮುಳುಗಿದ ಹಡಗು ಸಿಹಿನೀರಿಗೆ ಬಂದರೆ ಇನ್ನೂ ಸುಮಾರು 30 ಸೆಂಟಿಮೀಟರ್ ಇಳಿಯುತ್ತದೆ. ಪನಾಮಾದ ಮಿತಿಯನ್ನು ಅದಕ್ಕೇ ಸಿಹಿನೀರಿನ ಲೆಕ್ಕದಲ್ಲಿ ಹೇಳುತ್ತಾರೆ.

2016ರ ಜೂನ್‌ನಲ್ಲಿ ಹೊಸ ಲಾಕ್‌ಗಳು ಶುರುವಾದವು. ಉದ್ದ 427 ಮೀಟರ್, ಅಗಲ 55 ಮೀಟರ್. ಮೊದಲು ಐದು ಸಾವಿರದ ಹತ್ತಿರ ಕಂಟೇನರ್ ಸಾಗಿಸುತ್ತಿದ್ದ ದಾರಿಯಲ್ಲಿ ಹದಿಮೂರು–ಹದಿನಾಲ್ಕು ಸಾವಿರದ ಹಡಗು ಹೋಗತೊಡಗಿತು. ಬಾಗಿಲು ದೊಡ್ಡದಾಯಿತು, ಆದರೆ ನೀರು? ಹಳೆಯ ಲಾಕ್‌ನಲ್ಲಿ ಒಂದು ಹಡಗು ದಾಟಿದರೆ ಸರೋವರದ ಸುಮಾರು 20 ಕೋಟಿ ಲೀಟರ್ ಸಿಹಿನೀರು ಸಮುದ್ರಕ್ಕೆ ಹೋಗುತ್ತದೆ. ಹೊಸದರಲ್ಲಿ ಪಕ್ಕದ ತೊಟ್ಟಿಗಳಿಗೆ ಹರಿಸಿ ಶೇಕಡಾ 60ರಷ್ಟು ಮತ್ತೆ ಬಳಸುತ್ತಾರೆ, ಉಳಿದದ್ದು ಹೋಗಿಯೇ ಹೋಗುತ್ತದೆ. ಅದು ಪೂರ್ತಿ ಮಳೆನೀರು. ಆ ದೇಶದ ಅರ್ಧಕ್ಕಿಂತ ಜಾಸ್ತಿ ಜನ ಕುಡಿಯುವ ನೀರೂ ಅಲ್ಲಿಯದೇ.

2023ರಲ್ಲಿ ಮಳೆ ಕೈಕೊಟ್ಟಿತು. 50 ಅಡಿ ಇದ್ದ ಡ್ರಾಫ್ಟ್ ಮಿತಿಯನ್ನು 44 ಅಡಿಗೆ ಇಳಿಸಿದರು. ದಿನಕ್ಕೆ 36ರಷ್ಟು ದಾಟುತ್ತಿದ್ದ ಹಡಗುಗಳು ವರ್ಷದ ಕೊನೆಗೆ 24ರ ಆಸುಪಾಸಿಗೆ ಬಂದವು. ಬೇಸಿಗೆ ಬಂತೆಂದರೆ ಮಂಗಳೂರಿಗೆ ಕುಡಿಯುವ ನೀರು ಕೊಡುವ ತುಂಬೆ ಅಣೆಕಟ್ಟಿನ ನೀರಿನ ಮಟ್ಟ ಪೇಪರಿನಲ್ಲಿ ಹುಡುಕುವ ನಮಗೆ ಇದು ಬೇಗ ಅರ್ಥವಾಗುತ್ತದೆ, ಅಲ್ವಾ?

ಈಗ ಅಲ್ಲಿ ಇಂಡಿಯೊ ನದಿಗೆ ಅಣೆಕಟ್ಟು ಕಟ್ಟಿ ಕಾಲುವೆಗೆ ನೀರು ತರುವ ಯೋಜನೆ ಇದೆ. ಆ ಕಣಿವೆಯ ಹಳ್ಳಿಯವರು ಬೇಡ ಅನ್ನುತ್ತಿದ್ದಾರೆ, ಮನೆ, ಹೊಲ ಮುಳುಗುತ್ತದೆ. ನಮ್ಮ ಬಂದರು ಕಟ್ಟುವಾಗ ಪಣಂಬೂರಿನ ಮನೆಗಳನ್ನು ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಕ್ಕೆ ಹೋದ ಕುಟುಂಬಗಳವರು ಈ ಸಭೆಯಲ್ಲೂ ಇರಬಹುದು. ನಾನು ಇಲ್ಲಿಗೆ ನಿಲ್ಲಿಸುತ್ತೇನೆ. ಆ ಬಗ್ಗೆ ನನಗಿಂತ ಚೆನ್ನಾಗಿ ಹೇಳಬಲ್ಲವರು ಅವರು. ಅವರ ಮಾತು ಕೇಳೋಣ.